ಇಬ್ಬರ ಅಗಲ

"ಸ್ವಲ್ಪ ಸರೀತೀರಾ? ನಮಗೆ ಇಬ್ಬರ ಅಗಲ ಬೇಕು."

ಬಯಲಿನ ಕಾಲುದಾರಿಯ ಮಧ್ಯೆ ಅಳತೆ ಟೇಪು ಹಿಡಿದು ಕೂತಿದ್ದವನು ತಲೆ ಎತ್ತಿದ. ಎದುರಿಗೆ ಅವಳು. ಅವಳ ಹೆಗಲ ಮೇಲೆ ಭಾರ ಹಾಕಿ ನಿಂತ ಅಪ್ಪ.

ಪಾರ್ಶ್ವವಾಯು ಬಡಿದ ಮೇಲೆ ಅಪ್ಪನ ಎಡಗಾಲು ಅವರ ಮಾತು ಕೇಳುತ್ತಿರಲಿಲ್ಲ. ದಿನಾ ನಡೆಸಿ, ಬಿಟ್ಟರೆ ಕಾಲು ಪೂರ್ತಿ ಹೋಗುತ್ತದೆ ಎಂದಿದ್ದರು ಡಾಕ್ಟರು. ಮನೆ ಮುಂದಿನ ಫುಟ್‌ಪಾತಿನ ತುಂಬ ಬೈಕುಗಳು. ನಡೆಸಲು ಇದ್ದದ್ದು ಈ ಬಯಲೊಂದೇ.

"ಒಂದು ನಿಮಿಷ... ಹಾಗೇ ನಿಂತ್ಕೊಳ್ಳಿ," ಎಂದವನು, ಟೇಪನ್ನು ಅಪ್ಪನ ಹೆಗಲಿನಿಂದ ಅವಳ ಹೆಗಲಿಗೆ ಹಿಡಿದೇಬಿಟ್ಟ.

ಅವಳು ಟೈಲರ್. ಬೀದಿಯ ಹೆಂಗಸರ ಅಳತೆಯೆಲ್ಲ ಅವಳ ಬೆರಳ ತುದಿಯಲ್ಲಿ. ಅವಳ ಅಳತೆ ತೆಗೆದ ಗಂಡಸು ಮಾತ್ರ ಇವನೇ ಮೊದಲು. ಬೈಯಲೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರುಮಾಡಿದ.

"ನಾನು ಪುರಸಭೆ ಪ್ಲಾನರ್. ಈ ಬಯಲನ್ನ ಹೀಗೇ ಉಳಿಸಿ, ನಡೆಯೋರಿಗೆ ದಾರಿ ಮಾಡೋ ಯೋಜನೆ. ದಾರಿ ಎಷ್ಟು ಅಗಲ ಇಡೋದು ಅಂತ ಯೋಚಿಸ್ತಿದ್ದೆ. ಈಗ ಗೊತ್ತಾಯ್ತು."

ಬಸ್ ಡ್ರೈವರ್ ಆಗಿದ್ದ ಅಪ್ಪ ನಕ್ಕರು. "ಬಾಡಿ ಅಳತೆ ತಗೊಂಡ್ರಿ, ಸರಿ. ಇಂಜಿನ್ ವಿಷಯ ಕೇಳ್ಬೇಡಿ."

ಮನಸ್ಸು ಕೊಡಲು ಇದಕ್ಕಿಂತ ದೊಡ್ಡ ಕಾರಣ ಬೇಕೇ? ನನ್ನನ್ನು ಕೇಳಿದರೆ, ಬೇಡ. ಆಮೇಲೆ ಸಂಜೆಯಾದರೆ ಅವನೂ ಬಯಲಿಗೆ ಬರತೊಡಗಿದ. ಅಪ್ಪನ ಇನ್ನೊಂದು ಹೆಗಲಿಗೆ ತಾನು ನಿಂತ.

"ಈಗ ಮೂವರ ಅಗಲ ಆಯ್ತು," ಎಂದ ಒಂದು ದಿನ.

'ಆಗಲಿ ಬಿಡು' ಎಂದುಕೊಂಡಳು ಅವಳು.

ಪುರಸಭೆಯ ಸಭೆಯ ದಿನ ಅವಳು ಅಂಗಡಿ ಮುಚ್ಚಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಬಯಲಿನ ಜಾಗದಲ್ಲಿ ಫ್ಲ್ಯಾಟು ಕಟ್ಟುವ ಮಾತು ಬಂತು.

"ಬಯಲು ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರೇನ್ರಿ?" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು.

ಅವನು ಎದ್ದು ನಿಂತ. ಅವಳು ಬೆಂಚಿನ ತುದಿಗೆ ಸರಿದಳು... ಹೇಳು, ನಮ್ಮ ಅಳತೆ ಹೇಳು.

"ಫ್ಲ್ಯಾಟಿನ ಗೋಡೆ ಪಕ್ಕ ಒಬ್ಬರ ಅಗಲದ ದಾರಿ ಬಿಟ್ರೆ ಸಾಕು," ಎಂದ ಅವನು, ತಲೆ ತಗ್ಗಿಸಿ.

ಕೈಗಳು ಮೇಲೆದ್ದವು. ಬಯಲು ಹೋಯಿತು.

ಮೆಟ್ಟಿಲ ಬಳಿ ಅವನು ಓಡಿಬಂದಾಗ ಅವಳ ಧ್ವನಿ ತಣ್ಣಗಿತ್ತು. "ನಮ್ಮ ಅಳತೆ ತಗೊಂಡಿದ್ದು ಯಾಕೆ? ಅರ್ಧಕ್ಕೆ ಕತ್ತರಿಸೋಕಾ?"

"ನಾನು..."

"ಬೇಡ. ಇನ್ನು ನಮ್ಮ ಮನೆ ಕಡೆ ಬರ್ಬೇಡಿ."

ಮೆಟ್ಟಿಲಿಳಿದು ಹೊರಟೇಹೋದ, ಪುಣ್ಯಾತ್ಮ. ನಾನಾಗಿದ್ದರೆ ಅಲ್ಲೇ ಕಿವಿ ಹಿಂಡಿ ನಿಜ ಹೇಳಿಸುತ್ತಿದ್ದೆ.

ಬಯಲಿಗೆ ತಗಡಿನ ಬೇಲಿ ಬಿತ್ತು. ಅಪ್ಪನ ನಡಿಗೆ ಮಂಚದಿಂದ ಬಾಗಿಲಿಗೆ ಇಳಿಯಿತು, ಆಮೇಲೆ ಮಂಚದಿಂದ ಕಿಟಕಿಗೆ. ಒಂದು ಬೆಳಿಗ್ಗೆ ಎಡಗಾಲು ಭಾರ ಹೊರಲೇ ಇಲ್ಲ. ಡಾಕ್ಟರು ನೋಡಿ, ಗಾಲಿಕುರ್ಚಿ ತಂದುಕೊಳ್ಳಿ ಎಂದರು. ಅಪ್ಪ ತಮಾಷೆ ಮಾಡುವುದನ್ನು ಬಿಟ್ಟರು. ಅವಳಿಗೆ ಕಾಲು ಹೋದದ್ದಕ್ಕಿಂತ ಅದೇ ಹೆಚ್ಚು ನೋವು ತಂದಿತು.

ಪುರಸಭೆಯ ಸದಸ್ಯೆಯೊಬ್ಬರು ಬಟ್ಟೆ ಹೊಲಿಸಲು ಬಂದಾಗ ಅಳತೆ ಕೊಡುತ್ತಾ ಹೇಳಿದರು.

"ಸಭೆಗೆ ಮುಂಚೆನೇ ತೀರ್ಮಾನ ಆಗಿತ್ತಮ್ಮ, ಬಯಲೂ ಇಲ್ಲ, ದಾರೀನೂ ಇಲ್ಲ ಅಂತ. ಆ ಪ್ಲಾನರ್ ಹುಡುಗ ಒಬ್ಬೊಬ್ಬರ ಮನೆಗೂ ಹೋಗಿ ಅಂಗಲಾಚಿದ. ಇಬ್ಬರು ನಡೆಯೋಷ್ಟು ಕೇಳ್ದ. ಕೊನೆಗೆ ಸಿಕ್ಕಿದ್ದು ಒಬ್ಬರಿಗಾಗೋಷ್ಟು."

ಅವಳ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟಳು.

ಕಡೆಗೂ ದಾರಿ ತೆರೆಯಿತು. ಒಂದು ಕಡೆ ಫ್ಲ್ಯಾಟಿನ ಗೋಡೆ, ಇನ್ನೊಂದು ಕಡೆ ಹಳೆಯ ಕಾಂಪೌಂಡು. ಅಪ್ಪನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದಾಗ ದಾರಿಯ ಮೊದಲಲ್ಲೇ ಅವನು ನಿಂತಿದ್ದ. ಸೊರಗಿದ್ದ.

"ಕುರ್ಚಿಗೆ ಸರಿಯಾಗಿದೆ," ಎಂದಳು. "ಈಗ ನಮಗೆ ಒಬ್ಬರ ಅಗಲ ಸಾಕು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದನ್ನು ತಾಳಲು ಅವನಿಗೆ ಇನ್ನೂ ಕಷ್ಟವಾಯಿತು.

"ನಿಜ ಯಾಕೆ ಹೇಳ್ಲಿಲ್ಲ?"

"ಇಬ್ಬರಿಗೆ ಅಂತ ಹೇಳಿ ಒಬ್ಬರಿಗೆ ತಂದೋನು... ಯಾವ ಮುಖ ಇಟ್ಕೊಂಡು ಬರ್ಲಿ? ಬೇರೆ ಯಾರಾದ್ರೂ ಆಗಿದ್ರೆ ಬರ್ತಿದ್ದೆ. ನಿಮ್ಮನ್ನ ಪ್ರೀತಿಸಿಬಿಟ್ಟಿದ್ದೆ."

ಅವಳಿಗೆ ಸಿಟ್ಟು ಇನ್ನೂ ಇತ್ತು. ಪ್ರೀತಿಯೂ ಇತ್ತು, ಹಾಳಾದ್ದು, ಎಲ್ಲೂ ಹೋಗಿರಲಿಲ್ಲ.

"ನೀವು ತಳ್ಳಿ," ಎಂದು ಕುರ್ಚಿಯ ಹಿಡಿ ಬಿಟ್ಟು ಮುಂದೆ ಬಂದಳು. "ನಾನು ಎದುರಿಗೆ ಇರ್ತೀನಿ. ಅಪ್ಪನಿಗೆ ಗೋಡೆ ಬಿಟ್ಟು ಬೇರೆ ಏನಾದ್ರೂ ಕಾಣ್ಲಿ."

ಅವರತ್ತ ಮುಖಮಾಡಿ ಹಿಮ್ಮುಖವಾಗಿ ನಡೆಯತೊಡಗಿದಳು.

"ಬಯಲು ಎಲ್ಲಿದೆಯಮ್ಮ?" ಎಂದು ಕೇಳಿದರು ಅಪ್ಪ.

"ಇದೇ ಅಪ್ಪ."

ಅಪ್ಪ ಒಮ್ಮೆ ಆ ಗೋಡೆ, ಒಮ್ಮೆ ಈ ಗೋಡೆ ನೋಡಿದರು. ಆಮೇಲೆ ಮೆಲ್ಲಗೆ ಅಂದರು, "ರಿವರ್ಸ್ ಬರ್ತಿದೀಯ ಮಗಳೇ. ಹಿಂದೆ ನೋಡ್ಕೊ."

ಅವಳ ಕಣ್ಣು ತುಂಬಿತು. ಕುರ್ಚಿಯ ಹಿಂದಿದ್ದವನ ಕಡೆ ನೋಡಿದಳು.

"ನೀವು ನೋಡ್ಕೊಂಡು ಹೇಳಿ."

"ಹೇಳ್ತೀನಿ."

"ನಾಳೇನೂ?"

"ದಿನಾ."

"ಅಪ್ಪನ ಕಾಲು ಇನ್ನು ವಾಪಸ್ ಬರಲ್ಲ. ಗೊತ್ತಲ್ಲ?"

"ಗೊತ್ತು."

"ಆದ್ರೂ?"

"ಆದ್ರೂ... ಕಲ್ಲಿದೆ, ನಿಧಾನ."