ಸಾವಿಲ್ಲದ ಮನೆಯ ಸೌದೆ

ಭಾನುವಾರ ಬೆಳಿಗ್ಗೆ, ಊರಿನ ಕರೆಂಟ್ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಹುಡುಗಿ ಮುಟಿಂಟಾ ಓಡಿ ಬಂದಾಗ ನಾನು ಬಿನಾ ಲುಯಾಂಡೋ ಅವರ ಅಂಗಳದಲ್ಲಿ ಮೋಟಾರ್ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದೆ. ಬಿನಾ ಲುಯಾಂಡೋ ಅಂದರೆ ಲುಯಾಂಡೋನ ತಾಯಿ. ದನಗಳ್ಳರನ್ನು ಹಿಡಿಯುವ ಪೊಲೀಸ್ ದಳದಲ್ಲಿದ್ದು ನಿವೃತ್ತರಾದವರು. ನಾನು ಪಕ್ಕದ ಮನೆಯ ಮೇಷ್ಟ್ರು. ಅವರ ತಲೆ, ನನ್ನ ಗಾಡಿ. ಹೀಗೆ ಎಷ್ಟೋ ಕಳವು ಪತ್ತೆಯಾಗಿದ್ದವು.

"ಅಮ್ಮಾ, ಆಸ್ಪತ್ರೆ ಫ್ರಿಜ್ಜು ರಾತ್ರಿ ಆರಿಹೋಗಿದೆ. ಮಕ್ಕಳ ಲಸಿಕೆಯೆಲ್ಲ ಹಾಳು. ನಾನೇ ಕರೆಂಟ್ ಕದ್ದೆ ಅಂತಿದಾರೆ. ನಾಳೆ ಚೋಮಾ ಪಟ್ಟಣದಿಂದ ಪೊಲೀಸ್ ಗಾಡಿ ಬರತ್ತಂತೆ."

"ಕದ್ದಿದೀಯಾ?"

"ಇಲ್ಲ."

"ಹಾಗಾದ್ರೆ ಅಳೋದು ಬಿಟ್ಟು ಪೆಟ್ಟಿಗೆ ವಿಷಯ ಹೇಳು. ನಂಗೆ ಅರ್ಥ ಆಗೋ ಹಂಗೆ."

ನಮ್ಮೂರಲ್ಲಿ ಪ್ರತಿ ಮನೆಯ ಮಾಡಿನ ಮೇಲೆ ಸೋಲಾರ್ ಹಲಗೆ, ಗೋಡೆಯ ಮೇಲೆ ಬ್ಯಾಟರಿಯಿರುವ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಆ ಮನೆಯ ಪರವಾಗಿ ವ್ಯವಹರಿಸುವ ತಂತ್ರಾಂಶ. ನಾವು ಅದನ್ನು ದಲ್ಲಾಳಿ ಎನ್ನುತ್ತೇವೆ. ಒಬ್ಬೊಬ್ಬ ದಲ್ಲಾಳಿಯೂ ಅಕ್ಕಪಕ್ಕದ ದಲ್ಲಾಳಿಗಳ ಜೊತೆ ಚೌಕಾಸಿ ಮಾಡಿ ಕರೆಂಟ್ ಕೊಳ್ಳುತ್ತಾನೆ, ಮಾರುತ್ತಾನೆ. ಅವರಿಗೆಲ್ಲ ಮೇಲಿನವನೆಂಬ ಯಜಮಾನನಿಲ್ಲ. ಆಸ್ಪತ್ರೆಯ ದಲ್ಲಾಳಿ ಫ್ರಿಜ್ಜಿನ ಪಾಲು ಉಳಿಸಿಕೊಂಡು ಮಿಕ್ಕಿದ್ದನ್ನಷ್ಟೇ ಮಾರಬೇಕು. ಆ ರಾತ್ರಿ ಫ್ರಿಜ್ಜಿನ ಪಾಲನ್ನೂ ಸೇರಿಸಿ ಎಲ್ಲ ಕೊಟ್ಟುಬಿಟ್ಟಿದ್ದ, ಅದೂ ಸೊನ್ನೆ ಬೆಲೆಗೆ. ಬೆಲೆ ತಿದ್ದುವ ವಿದ್ಯೆ ಊರಲ್ಲಿ ಮುಟಿಂಟಾಳೊಬ್ಬಳಿಗೇ ಗೊತ್ತು.

"ಸೊನ್ನೆಗೆ ಇನ್ನೊಂದು ದಾರಿ ಇಲ್ವಾ?" ಬಿನಾ ಕೇಳಿದರು.

"ಸಾವಿನ ಮನೆ. ಸಾವಾಗಿದೆ ಅಂತ ಪೆಟ್ಟಿಗೆ ಗುಂಡಿ ಒತ್ತಿದ್ರೆ ಆ ತಂತಿಯ ಎಲ್ಲ ದಲ್ಲಾಳಿಗಳೂ ಬೆಲೆ ಕೇಳ್ದೆ ಕೊಡ್ತಾರೆ, ಆಸ್ಪತ್ರೆಯವನೂ ಸೇರಿ. ಯಾರು ಸತ್ರು ಅಂತ ಕೇಳಲ್ಲ, ಯಾರು ಒತ್ತಿದ್ರು ಅಂತ ಗುರುತೂ ಇಟ್ಕೊಳಲ್ಲ. ಹಿರಿಯರೇ ಹಂಗೆ ಮಾಡ್ಸಿದ್ದು, ಸಾವಿನ ಮನೇಲಿ ಲೆಕ್ಕ ಕೇಳೋದು ಅಸಹ್ಯ ಅಂತ. ಆದ್ರೆ ಊರಲ್ಲಿ ಯಾರೂ ಸತ್ತಿಲ್ವಲ್ಲ."

"ನಡೀರಿ ಮೇಷ್ಟ್ರೇ," ಎಂದರು ಬಿನಾ.

ಆಸ್ಪತ್ರೆಯ ತಂತಿಗೆ ಸೇರಿದ್ದು ಎರಡೇ ಮನೆ; ಅಲ್ಲಿಯ ಕರೆಂಟ್ ಹೋಗುವುದಾದರೆ ಅವಕ್ಕೇ. ಮೊದಲನೆಯದು ವೆಲ್ಡರ್ ಹಮಲೇಕಾನದು. ಅವನು ಗರಗಸದಲ್ಲಿ ಕಬ್ಬಿಣ ಕೊಯ್ಯುತ್ತಿದ್ದ. ಅಂಗೈ ತುಂಬ ಬೊಬ್ಬೆ.

"ವಾರದಿಂದ ಮೋಡ, ಕರೆಂಟಿಲ್ಲ. ವೆಲ್ಡರ್ ಗರಗಸ ಹಿಡ್ಕೊಂಡ ಅಂತ ಹೆಂಡ್ತಿನೂ ನಗ್ತಾಳೆ," ಎಂದ.

ಎರಡನೆಯದು ಮೀನು ಮಾರುವ ಹಾಚಿಪುಕಾನದು. ಚರ್ಚಿನ ಹಿರಿಯ. ಅವನ ಮುದಿ ತಾಯಿ ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು.

"ಆ ಹುಡುಗೀನ ಜೈಲಿಗೆ ಹಾಕ್ಬೇಕು. ನನ್ನ ಕರೆಂಟ್ ಪೆಟ್ಟಿಗೇನೂ ವಾರದಿಂದ ಖಾಲಿ. ಸರೋವರದಿಂದ ಮೀನು ತರೋ ಲಾರಿ ಬಂದೂ ವಾರ ಆಯ್ತು. ಬಡವ ಬದುಕೋದು ಹೆಂಗೆ?" ಎಂದು ಗೊಣಗಿದ. ಹೊರಡುವಾಗ ಮಾತ್ರ ಧಾರಾಳವಾಗಿ ಎರಡು ಮೀನು ತಂದ. ಒಂದಕ್ಕೊಂದು ಅಂಟಿದ್ದವುಗಳನ್ನು ಮೆಟ್ಟಿಲ ಕಲ್ಲಿಗೆ ಟಕ್ಕೆಂದು ಕುಟ್ಟಿ ಬಿಡಿಸಿ ನನ್ನ ಕೈಗಿಟ್ಟ.

ದಾರಿಯಲ್ಲಿ ಮೀನಿನ ಚೀಲ ತೊಟ್ಟಿಕ್ಕಿ ನನ್ನ ಪ್ಯಾಂಟು ಒದ್ದೆಯಾಯಿತು. ಬಿನಾ ಅದನ್ನೇ ನೋಡಿದರು.

"ಮೇಷ್ಟ್ರೇ, ಮನೆಮನೆಗೂ ಹೇಳಿ ಬನ್ನಿ. ಸಂಜೆ ಹಾಚಿಪುಕಾನ ಮನೇಲಿ ಸಾವಿನ ಕೂಟ. ಸೌದೆ, ಜೋಳದ ಹಿಟ್ಟು ತರ್ಬೇಕು."

"ಸತ್ತವರು ಯಾರು ಅಂದ್ರೆ?"

"ಅನ್ನಲ್ಲ."

ಒಬ್ಬರೂ ಕೇಳಲಿಲ್ಲ. ಸಂಜೆಗೆ ಹೆಂಗಸರು ಸೌದೆ ಹೊತ್ತು ತಂದು ಅಂಗಳದಲ್ಲಿ ಒಟ್ಟಿ ನೆಲದ ಮೇಲೆ ಕೂತರು. ಹಾಚಿಪುಕಾ ದಿಗಿಲುಬಿದ್ದು ಹೊರಬಂದ.

"ಏನಿದು? ನಮ್ಮನೇಲಿ ಯಾರೂ ಸತ್ತಿಲ್ಲ."

"ನಿನ್ನ ಪೆಟ್ಟಿಗೆಗೆ ಬೇರೆ ಥರ ಹೇಳಿದೀಯಲ್ಲ," ಎಂದರು ಬಿನಾ. "ಎಲ್ರೂ ಕೇಳಿ. ಸೊನ್ನೆ ಬೆಲೆಗೆ ದಾರಿ ಎರಡು. ಮುಟಿಂಟಾ ಬೆಲೆ ತಿದ್ಬೇಕು, ಇಲ್ಲಾ ಯಾರಾದ್ರೂ ಸಾವಿನ ಗುಂಡಿ ಒತ್ಬೇಕು. ಮುಟಿಂಟಾ ಮನೆ ಈ ತಂತೀಲೇ ಇಲ್ಲ. ಕದ್ದು ಅವಳೇನು ಚೀಲದಲ್ಲಿ ತುಂಬ್ಕೊಂಡು ಹೋದ್ಲಾ? ಉಳಿದೋರು ಇಬ್ರು. ಹಮಲೇಕಾಗೆ ಕರೆಂಟ್ ಸಿಕ್ಕಿದ್ರೆ ಕೈಯಲ್ಲಿ ಬೊಬ್ಬೆ ಬರ್ತಿರ್ಲಿಲ್ಲ. ನಿನ್ನ ಪೆಟ್ಟಿಗೆ ವಾರದಿಂದ ಖಾಲಿ, ಲಾರಿ ವಾರದಿಂದ ಬಂದಿಲ್ಲ. ಎರಡೂ ನಿನ್ನ ಬಾಯಲ್ಲೇ ಬಂದದ್ದು. ಆ ಮೀನು ಇಷ್ಟೊತ್ತಿಗೆ ನಾರ್ಬೇಕಿತ್ತು. ನೀನು ಕೊಟ್ಟದ್ದು ಹೆಪ್ಪುಗಟ್ಟಿ ಕಲ್ಲಿನ ಹಾಗಿತ್ತು."

ಹಾಚಿಪುಕಾ ಬಾಯಿ ತೆರೆದ. ಅಷ್ಟರಲ್ಲಿ ಜಗುಲಿಯಿಂದ ಮುದುಕಿ ಎದ್ದಳು.

"ಸಾವಾಗಿದೆ ಅಂತ ಒತ್ತಿದ್ಯಾ ಮಗಾ? ಈ ಮನೇಲಿರೋದು ನೀನು, ನಾನು. ನೀನಂತೂ ಓಡಾಡ್ತಿದೀಯ."

ಅವನು ಸೌದೆಯ ಪಕ್ಕದಲ್ಲೇ ಕೂತ. "ಮಂಜುಗಡ್ಡೆ ಕರಗಿ ಮೀನು ಕೊಳೆಯೋ ಹಂಗಿತ್ತು ಅಮ್ಮ. ಒಂದು ರಾತ್ರಿಗೆ ಅಂತ ಒತ್ತಿದೆ. ಆಸ್ಪತ್ರೇದೂ ಬರಿದಾಗತ್ತೆ ಅಂತ ಗೊತ್ತಿರ್ಲಿಲ್ಲ."

"ಬೆಳಿಗ್ಗೆ ಗೊತ್ತಾಯ್ತಲ್ಲ," ಎಂದರು ಬಿನಾ. "ಗೊತ್ತಾದ್ಮೇಲೂ ಆ ಹುಡುಗಿಗೆ ಜೈಲು ಅಂದೆ."

ಮರುದಿನ ಬಂದ ಪೊಲೀಸ್ ಗಾಡಿ ಹತ್ತಿದವನು ಹಾಚಿಪುಕಾ. ಮುಟಿಂಟಾ ಅಂದೇ ಆಸ್ಪತ್ರೆಯ ಪೆಟ್ಟಿಗೆ ಬಿಚ್ಚಿ, ಸಾವಿನ ಮನೆಗೂ ಫ್ರಿಜ್ಜಿನ ಪಾಲು ಕೊಡಬಾರದೆಂದು ದಲ್ಲಾಳಿಗೆ ಕಲಿಸಿದಳು. ಹಿರಿಯರು ಮುಖ ಗಂಟಿಕ್ಕಿದರು. ಅವಳು ತಿರುಗಿಯೂ ನೋಡಲಿಲ್ಲ. "ಸತ್ತವರು ಕತ್ತಲಲ್ಲಿ ಕಾಯ್ತಾರೆ. ಲಸಿಕೆ ಕಾಯಲ್ಲ," ಎಂದು ಮುಚ್ಚಳದ ಸ್ಕ್ರೂ ಬಿಗಿದಳು.

ಸಾವಿನ ಮನೆಗೆ ಹೊತ್ತ ಸೌದೆಯನ್ನು ವಾಪಸು ತರುವ ಪದ್ಧತಿ ನಮ್ಮಲ್ಲಿಲ್ಲ. ಏನು ಮಾಡುವುದೆಂದು ಹೆಂಗಸರು ಕೇಳಿದ್ದಕ್ಕೆ ಮುದುಕಿ ಕಡಲೆಕಾಯಿಯಿಂದ ತಲೆ ಎತ್ತದೆ ಹೇಳಿದಳು:

"ಅಲ್ಲೇ ಇರ್ಲಿ, ಒಣಗತ್ತೆ. ನನ್ನ ಸರದಿಗೆ ಬೇಕಲ್ಲ."