ಆರನೆಯ ಗ್ಲಾಸು

ಹನ್ನೊಂದು ವರ್ಷದ ಹಿಂದೆ ಹೆಂಡತಿಯ ತಮ್ಮನನ್ನು ಈ ವೈನ್ ಕಂಪನಿಗೆ ಕೈಹಿಡಿದು ಕರೆತಂದವನು ಅವನೇ. ಗ್ಲಾಸನ್ನು ಹೇಗೆ ಹಿಡಿಯಬೇಕು, ಗುಟುಕನ್ನು ಬಾಯೊಳಗೆ ಎಷ್ಟು ಹೊತ್ತು ಆಡಿಸಬೇಕು, ನುಂಗದೆ ಹೇಗೆ ಉಗಿಯಬೇಕು, ಎಲ್ಲವನ್ನೂ ಹೇಳಿಕೊಟ್ಟಿದ್ದ. ಈಗ ಆ ಬಾಮೈದ ಒಂದೇ ಗುಟುಕಿಗೆ ದ್ರಾಕ್ಷಿ ಯಾವ ಸೀಮೆಯದು, ಯಾವ ವರ್ಷದ್ದು ಎಂದು ಹೇಳಿಬಿಡುತ್ತಿದ್ದ. ಗುರುವಿಗೆ ಮೂರು ಗುಟುಕು ಬೇಕಾಗುತ್ತಿತ್ತು. ಹೊಟ್ಟೆಕಿಚ್ಚಿಗೆ ಇನ್ನೇನು ಬೇಕು?

ಮನೆಯಲ್ಲಾದರೂ ನೆಮ್ಮದಿ ಇತ್ತೇ? "ನನ್ ತಮ್ಮ ಹುಟ್ಟಿದಾಗ ಮೊದ್ಲು ಮೂಗೇ ಹೊರಗ್ ಬಂತಂತೆ, ಅಮ್ಮ ಹೇಳೋರು," ಎಂದು ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಅವನೂ ಹಲ್ಲು ಕಿರಿಯುತ್ತಿದ್ದ. ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಕಂಪನಿಯ ಮುಖ್ಯ ಪರೀಕ್ಷಕರು ನಿವೃತ್ತರಾದಾಗ ಆ ಕುರ್ಚಿಗೆ ಉಳಿದವರು ಇವರಿಬ್ಬರೇ. ವಯಸ್ಸಾದ ಯಜಮಾನಿ ಇಬ್ಬರನ್ನೂ ಕರೆದು ಹೇಳಿದಳು: "ಇಬ್ರೂ ನಮ್ಮವ್ರೇ. ಸೋಮವಾರ ಆರು ಗ್ಲಾಸ್ ಇಡ್ತೀನಿ. ಯಾವ ಸೀಮೆ, ಯಾವ ವರ್ಷ ಅಂತ ಬರೆದುಕೊಡಿ. ಗೆದ್ದವ್ರು ಆ ಕುರ್ಚಿಗೆ, ಸೋತವ್ರು ಅವ್ರ ಕೈಕೆಳಗೆ." ಬಾಮೈದನ ಕೈಕೆಳಗೆ! ಬೆಳಿಗ್ಗೆ ಎದ್ದು ಅವನಿಗೆ ನಮಸ್ಕಾರ ಹೇಳಿ ಕೆಲಸ ಶುರು ಮಾಡುವುದಕ್ಕಿಂತ ಕೆಲಸ ಬಿಡುವುದೇ ಮೇಲು ಎನಿಸಿತು. ಆದರೆ ಬಿಡುವ ಮಾತು ಆಡಿದರೆ ಹೆಂಡತಿ ಕಾರಣ ಕೇಳುತ್ತಿದ್ದಳು.

ಉಪಾಯ ಹೊಳೆದದ್ದು ಉಗ್ರಾಣದಲ್ಲಿ. ಕಂಪನಿ ಬೇರೆ ಬೇರೆ ಸೀಮೆಗಳಿಂದ ಪೀಪಾಯಿಗಳನ್ನು ತರಿಸಿ ಬಾಟಲಿಗೆ ತಾನೇ ತುಂಬುತ್ತಿತ್ತು. ಎಲ್ಲಕ್ಕೂ ಒಂದೇ ಬಾಟಲಿ, ಒಂದೇ ಬಿರಡೆ. ಮಾರಾಟಕ್ಕೆ ಹೋಗುವಾಗಲಷ್ಟೇ ಲೇಬಲ್. ಅಲ್ಲಿಯವರೆಗೆ ಒಳಗೇನಿದೆ ಎಂದು ಹೇಳುವುದು ಬಾಟಲಿಯ ಕತ್ತಿಗೆ ದಾರದಿಂದ ಕಟ್ಟಿದ ಒಂದು ರಟ್ಟಿನ ಚೀಟಿ. ಯಜಮಾನಿ ಆರಿಸಿದ ಆರು ಬಾಟಲಿಗಳು ನಂಬರು ಹಾಕಿದ ಬಟ್ಟೆಚೀಲಗಳಲ್ಲಿ ಬೀರುವಿನೊಳಗೆ ನಿಂತಿದ್ದವು. ದಾಸ್ತಾನು ನೋಡಿಕೊಳ್ಳುತ್ತಿದ್ದವನು ಅವನಾದ್ದರಿಂದ ಬೀರುವಿನ ಬೀಗದಕೈ ಅವನ ಜೇಬಿನಲ್ಲಿತ್ತು.

ಮೊದಲ ಐದನ್ನು ನೋಡಿ ಹಾಗೇ ಬಿಟ್ಟ. ಅವು ಇಬ್ಬರಿಗೂ ಗೊತ್ತಾಗುವಂಥವೇ. ಆರನೆಯದರ ಚೀಟಿಯಲ್ಲಿ ಬೆಟ್ಟದ ಸೀಮೆಯ ಹದಿನೆಂಟು ವರ್ಷದ ಕೆಂಪು ವೈನ್ ಎಂದಿತ್ತು. ಶನಿವಾರ ಎಲ್ಲರೂ ಊಟಕ್ಕೆ ಎದ್ದಾಗ, ನದಿ ಬಯಲಿನ ಒಂಬತ್ತು ವರ್ಷದ ಕೆಂಪು ವೈನಿನ ಒಂದು ಬಾಟಲಿ ತಂದು, ಎರಡರ ಚೀಟಿಗಳನ್ನು ಅದಲುಬದಲು ಮಾಡಿ, ಬಯಲಿನದನ್ನು ಚೀಲಕ್ಕೆ ಇಳಿಸಿದ. ಬೆಟ್ಟದ್ದು ಬಯಲಿನ ಚೀಟಿ ಹೊತ್ತು ಕಪಾಟು ಸೇರಿತು. ನಾಲ್ಕು ನಿಮಿಷದ ಕೆಲಸ. ಇದನ್ನು ಕಳ್ಳತನ ಎನ್ನುವಂತೆಯೂ ಇರಲಿಲ್ಲ, ಒಂದು ಹನಿಯೂ ಕಟ್ಟಡ ಬಿಟ್ಟು ಹೋಗಿರಲಿಲ್ಲ.

ಇದರ ಸೊಗಸು ನೆನೆದು ಅವನಿಗೆ ಊಟ ರುಚಿಸಿತು. ಬಾಮೈದ ನಿಜ ಹೇಳಿದರೆ ಸೋಲುತ್ತಾನೆ. ಆ ಹಾಳು ಮೂಗು ಎಷ್ಟು ಚುರುಕಾಗಿದ್ದರೆ ಅಷ್ಟು ಒಳ್ಳೆಯದು. ಭಾನುವಾರವಿಡೀ ಅವನು ತನ್ನ ಉತ್ತರವನ್ನು ಬಾಯಿಪಾಠ ಮಾಡಿದ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಬಿಳಿ ಬಟ್ಟೆ ಹಾಸಿದ ಮೇಜಿನ ಎದುರುಬದುರು ಕುಳಿತರು. ಬಣ್ಣ ನೋಡಿ ಊಹಿಸಬಾರದೆಂದು ಗ್ಲಾಸುಗಳೆಲ್ಲ ಕಪ್ಪು ಗಾಜಿನವು. ಯಜಮಾನಿ ಪಕ್ಕದ ಕೋಣೆಯಲ್ಲಿ ತಾನೇ ಬಾಟಲಿ ತೆರೆದು ಸುರಿದು ತಂದಿಡುತ್ತಿದ್ದಳು. ಐದು ಗ್ಲಾಸು ಮುಗಿದವು. ಆಕೆಯ ಮುಖ ನೋಡಿದರೆ ಇಬ್ಬರೂ ಸಮಸಮ ಎಂದು ಗೊತ್ತಾಗುತ್ತಿತ್ತು.

ಆರನೆಯದು ಬರಲು ತುಸು ತಡವಾಯಿತು. ಗ್ಲಾಸು ಮುಂದಿಟ್ಟ ಕೂಡಲೇ ಅವನು ಪೆನ್ನು ಎತ್ತಿಕೊಂಡ. ಕಣ್ಣು ಮಾತ್ರ ಬಾಮೈದನ ಮೇಲೆ. ಬಾಮೈದ ಮೂಸಿದ, ಹುಬ್ಬು ಮೇಲೇರಿಸಿದ, ಮತ್ತೆ ಮೂಸಿದ. ಸಿಕ್ಕಿಬಿದ್ದ! ಹನ್ನೊಂದು ವರ್ಷದಲ್ಲಿ ಆ ಮುಖ ಇಷ್ಟು ತಬ್ಬಿಬ್ಬಾದದ್ದನ್ನು ಅವನು ನೋಡಿರಲಿಲ್ಲ. ನೋಡುತ್ತಲೇ ಬರೆದ: ಒಣಗಿದ ಕಪ್ಪು ಚೆರ್ರಿ, ಹಳೆಯ ಚರ್ಮದ ವಾಸನೆ, ಮೆದುವಾದ ಒಗರು, ಬೆಟ್ಟದ ಸೀಮೆಯ ಕೆಂಪು, ಹದಿನೆಂಟು ವರ್ಷ. ಬರೆದು ಮುಗಿಸಿ ಮತ್ತೆ ಅವನನ್ನೇ ನೋಡುತ್ತ ಕುಳಿತ.

ಯಜಮಾನಿ ಬಾಮೈದನ ಹಾಳೆಯನ್ನು ಮೊದಲು ಓದಿದಳು. "ಬಿಳಿ ವೈನ್. ಕಡಲ ಕಡೆಯದು. ಎರಡು ವರ್ಷದ್ದು."

ಅವನಿಗೆ ನಗು ತಡೆಯಲಾಗಲಿಲ್ಲ. ಕೆಂಪಿಗೂ ಬಿಳಿಗೂ ವ್ಯತ್ಯಾಸ ತಿಳಿಯದಷ್ಟು ಕೆಟ್ಟಿತೇ ಆ ಮೂಗು? ಒಂದು ಕ್ಷಣ ಅಯ್ಯೋ ಪಾಪ ಎಂದೂ ಅನಿಸಿತು. ಸಂಜೆ ಹೆಂಡತಿಗೆ ಇದನ್ನು ಹೇಗೆ ಹೇಳಬೇಕೆಂದು ಮಾತು ಜೋಡಿಸತೊಡಗಿದ.

ಯಜಮಾನಿ ಅವನ ಹಾಳೆಯನ್ನು ಎರಡು ಸಲ ಓದಿದಳು.

"ಬೆಟ್ಟದ ಸೀಮೆ, ಹದಿನೆಂಟು ವರ್ಷ," ಎಂದಳು ಮೆಲ್ಲಗೆ. "ಅದು ಚೀಟೀಲಿ ಇದ್ದದ್ದು ಹೌದು. ಆದ್ರೆ ತೆರೆದ್ರೆ ಗಬ್ಬು ಬೂಷ್ಟು ವಾಸ್ನೆ. ಬಿರಡೆ ಕೊಳೆತಿತ್ತು. ನನ್ನ ಮುದಿ ಮೂಗಿಗೇ ತಡೆಯೋಕಾಗ್ಲಿಲ್ಲ, ಮೋರಿಗೆ ಸುರಿದುಬಿಟ್ಟೆ. ಆಮೇಲೆ ಕೈಗೆ ಸಿಕ್ಕಿದ್ದೊಂದನ್ನ ತೆರೆದು ತಂದೆ."

"ಭಾವ," ಎಂದ ಬಾಮೈದ. ಅವನ ದನಿಯಲ್ಲಿ ಗೆಲುವಿರಲಿಲ್ಲ, ನಾಚಿಕೆಯಿತ್ತು. ಅವನು ನೋಡುತ್ತಿದ್ದದ್ದು ಭಾವನ ಮುಖವನ್ನಲ್ಲ, ಭಾವನ ಮುಂದಿದ್ದ ಗ್ಲಾಸನ್ನು. ಯಜಮಾನಿ ಅದನ್ನು ಎತ್ತಿ, ನೀರು ಕುಡಿಯುವ ತಿಳಿ ಗಾಜಿನ ಲೋಟಕ್ಕೆ ಬಗ್ಗಿಸಿದಳು. ತೆಳು ಹಳದಿಯ ಬಿಳಿ ವೈನ್, ಆಕೆ ಸುರಿದು ತಂದಿದ್ದಷ್ಟೂ, ಒಂದು ಗುಟುಕೂ ಕಡಿಮೆಯಾಗದೆ ಲೋಟಕ್ಕೆ ಇಳಿಯಿತು.