ಅವಳ ಹೆಸರಿನ ಒಪ್ಪಿಗೆ

"ನಿಮ್ಮ ಖಾತೆಯೊಳಗೆ ಹೋಗೋಕೆ ನನಗೆ ಒಪ್ಪಿಗೆ ಬೇಕಿತ್ತು."

ಅವಳು ತಲೆ ಎತ್ತಲಿಲ್ಲ. ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, ಪರದೆಯ ಮೇಲಿನ ಸಾಲನ್ನು ಇನ್ನೊಮ್ಮೆ ಓದಿ, ಒಂದು ಒತ್ತಕ್ಷರ ತಿದ್ದಿ, ಆಮೇಲೆ ಅವನನ್ನು ನೋಡಿದಳು.

"ಹೊಸಬರು ಬಾಗಿಲಲ್ಲಿ ನಿಂತು ಯಾರು ಅಂತ ಹೇಳ್ತಾರೆ. ನೀವು ನೇರ ಅಡುಗೆಮನೆಗೇ ನುಗ್ತಿದೀರಲ್ಲ."

ಅದು ಕಾರ್ಖಾನೆಗಳಿಗೆ ತರಬೇತಿ ವಿಡಿಯೊ ಮಾಡಿಕೊಡುವ ಕಚೇರಿ. ವಿಡಿಯೊದಲ್ಲಿ ಆಡಿದ ಮಾತನ್ನೆಲ್ಲ ಪರದೆಯ ಕೆಳಗೆ ಅಕ್ಷರವಾಗಿ ಹಾಕುವುದು ಅವಳ ಕೆಲಸ. ಪ್ರತಿ ಸಾಲಿಗೂ ನಿಂತು ಯೋಚಿಸುತ್ತಾಳೆ ಅಂತ ಕಚೇರಿಯವರು ಅವಳಿಗೆ 'ಅಲ್ಪವಿರಾಮ' ಅಂತ ಹೆಸರಿಟ್ಟಿದ್ದರು. ಅವನು ಒಂದು ತಂತ್ರಾಂಶವನ್ನು ಇನ್ನೊಂದಕ್ಕೆ ಜೋಡಿಸಲು ಬಂದವನು. ಎರಡೇ ದಿನದಲ್ಲಿ ಅವನಿಗೂ 'ಕೊಂಡಿ' ಅಂತ ನಾಮಕರಣವಾಯಿತು.

"ಕೊಂಡಿ ಚೇಳಿಗೂ ಇರುತ್ತೆ," ಅಂತ ಅವಳು ಪಕ್ಕದವಳಿಗೆ ಹೇಳಿದ್ದು ಅವನ ಕಿವಿಗೂ ಬಿತ್ತು. ಬೇಕಂತಲೇ ಜೋರಾಗಿ ಹೇಳಿದ್ದಳು. ಅವನು ಬೇಜಾರಾಗುವ ಬದಲು ನಕ್ಕುಬಿಟ್ಟ.

ಹಾಳಾದ್ದು, ಆ ನಗು ಚೆನ್ನಾಗಿತ್ತು...

ಅವನು ಕಟ್ಟಿದ ವ್ಯವಸ್ಥೆ ಸರಳವಾಗಿತ್ತು. ಕಚೇರಿಯವರೆಲ್ಲ ಮಾತಾಡಿಕೊಳ್ಳುವ ಆ್ಯಪಿನ ಗುಂಪಿಗೆ ಯಾರಾದರೂ ವಿಡಿಯೊ ಹಾಕಿದರೆ ಸಾಕು, ತಂತ್ರಾಂಶ ಅದನ್ನು ಕೇಳಿಸಿಕೊಂಡು, ಅಕ್ಷರ ಮಾಡಿ, ಅದೇ ಗುಂಪಿಗೆ ವಾಪಸ್ ಕಳಿಸುತ್ತಿತ್ತು. ಅವಳು ಓದಿ, ತಿದ್ದಿ, 'ಒಪ್ಪಿಗೆ' ಒತ್ತಿದರೆ ವಿಡಿಯೊ ಕಾರ್ಖಾನೆಗೆ ಹೋಗುತ್ತಿತ್ತು. ಎಲ್ಲವೂ ಅವಳ ಖಾತೆಯ ಮೂಲಕವೇ ನಡೆಯಬೇಕಿತ್ತು.

ತನ್ನ ಕೆಲಸ ಹೋಗುತ್ತದೆ ಅಂತ ಹೆದರಿದ್ದವಳಿಗೆ ಹೊಟ್ಟೆತುಂಬ ಉಣ್ಣುವಷ್ಟು ಬಿಡುವು ಸಿಕ್ಕಿತು. ಎದುರು ಕುರ್ಚಿಯಲ್ಲಿ ಅವನೂ ಡಬ್ಬಿ ಬಿಚ್ಚತೊಡಗಿದ. 'ನೀವು' ಹೋಗಿ 'ನೀನು' ಬಂದದ್ದು ಯಾವತ್ತು ಅಂತ ಇಬ್ಬರಿಗೂ ನೆನಪಿಲ್ಲ.

ಒಂದು ಭಾನುವಾರ ಅವನು ಅವಳ ಮನೆಗೆ ಬಂದ. ಅವಳಪ್ಪ ಮೂವತ್ತು ವರ್ಷ ಯಂತ್ರಗಳ ಸದ್ದಿನಲ್ಲಿ ದುಡಿದು ಕಿವಿ ಕಳೆದುಕೊಂಡವರು. ಅವಳು ಅಕ್ಷರದ ಮುಂದೆ ಅಷ್ಟು ಹೊತ್ತು ನಿಲ್ಲುತ್ತಿದ್ದದ್ದು ಅದಕ್ಕೇ. ಓದುವವರಲ್ಲಿ ಅಪ್ಪನಂಥವರು ಇರುತ್ತಾರೆ, ಅವರಿಗೆ ಬೇರೆ ದಾರಿ ಇಲ್ಲ. ಅವನು ಹೋದ ಮೇಲೆ ಅಪ್ಪ ಹೇಳಿದ್ದು ಇಷ್ಟೇ: ಹುಡುಗ ಬಾಯಿ ಬಿಟ್ಟು ಮಾತಾಡ್ತಾನೆ, ತುಟಿ ಓದೋಕೆ ಸುಲಭ.

ಅವಳಿಗೆ ಇನ್ನೇನು ಬೇಕಿತ್ತು?

ಆ ಹೊತ್ತಿಗೆ ಮ್ಯಾನೇಜರ್ ಅವನನ್ನು ಕರೆದು ಒಂದು ನಿಯಮ ಸೇರಿಸಲು ಹೇಳಿದ್ದ. ಒಂದು ಗಂಟೆಯೊಳಗೆ ಅವಳು ನೋಡದಿದ್ದರೆ ಒಪ್ಪಿಗೆ ತಾನಾಗಿಯೇ ಬೀಳಬೇಕು. ಗಿರಾಕಿಗಳು ಕಾಯುವುದಿಲ್ಲವಂತೆ. ಸೋಮವಾರ ಅವನು ಸೇರಿಸಿದ. ಅವಳಿಗೆ ಹೇಳಬೇಕು ಅಂದುಕೊಂಡ. ಅವಳು ರೇಗುತ್ತಾಳೆ ಅಂತ ಗೊತ್ತಿತ್ತು. ನಾಳೆ ಹೇಳಿದರಾಯಿತು ಅಂತ ಮೂರು ದಿನ ತಳ್ಳಿದ.

ಗುರುವಾರ ಬೆಳಿಗ್ಗೆ ಅವಳಪ್ಪ ಬಚ್ಚಲಲ್ಲಿ ಕುಸಿದು ಬಿದ್ದರು.

ಆಂಬುಲೆನ್ಸಿನಲ್ಲಿ ಅಪ್ಪನ ಕೈ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ಅವನಿಗೆ ಬರೆದಳು, ಇವತ್ತು ಯಾವ ವಿಡಿಯೊನೂ ಕಳಿಸಬೇಡ, ನಾನು ಬಂದು ನೋಡ್ತೀನಿ ಅಂತ. ಅವನು ಗಿರಾಕಿಗಳ ಜೊತೆ ಸಭೆಯಲ್ಲಿದ್ದ. ಸಂದೇಶ ನೋಡುವಷ್ಟರಲ್ಲಿ, ಬೆಳಿಗ್ಗೆ ಒಂದು ವಿಡಿಯೊ ಗುಂಪಿಗೆ ಬಂದು ಒಂದು ಗಂಟೆಯ ಮೇಲೆ ಹತ್ತು ನಿಮಿಷವಾಗಿತ್ತು. ಅದು ಆಗಲೇ ಹೋಗಿಬಿಟ್ಟಿತ್ತು. ವಾಪಸ್ ಕರೆಸೋಣ ಅಂತ ಮ್ಯಾನೇಜರ್‌ನ ಕೇಳಿದ. ಒಂದಕ್ಷರ ತಪ್ಪಿದ್ರೆ ಪ್ರಪಂಚ ಮುಳುಗಲ್ಲ ಅಂದ ಮ್ಯಾನೇಜರ್. ಅವನು ಬಾಯಿ ಮುಚ್ಚಿಕೊಂಡು ಹೊರಗೆ ಬಂದು, ಆಸ್ಪತ್ರೆಯಲ್ಲಿ ಇರುವವಳಿಗೆ ಯಾಕೆ ಗಾಬರಿ ಅಂತ, ಬರೆದ: 'ಎಲ್ಲ ಸರಿಯಾಗಿದೆ. ಅಪ್ಪನ್ನ ನೋಡ್ಕೋ.'

ಅವಳು ನಂಬಿದಳು.

ಆ ವಿಡಿಯೊದಲ್ಲಿ ಮೇಸ್ತ್ರಿಯೊಬ್ಬ ಯಂತ್ರದ ಸದ್ದಿನ ನಡುವೆ ಹೇಳಿದ್ದು, 'ಉರುಳೆ ನಿಂತ ಮೇಲೂ ಕೈ ಹಾಕಬೇಡಿ.' ಪರದೆಯ ಕೆಳಗೆ ಬಂದದ್ದು, 'ಉರುಳೆ ನಿಂತ ಮೇಲೆ ಕೈ ಹಾಕಬೇಕು.'

ಕಿವಿ ಕೇಳುವವರಿಗೆ ಅದು ತಮಾಷೆಯಾಗಿತ್ತು. ಆ ಕಾರ್ಖಾನೆಗೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಶನಿವಾರ ಉರುಳೆ ನಿಂತಾಗ, ಓದಿದ್ದ ಪ್ರಕಾರ, ಅವಳು ಕೈ ಹಾಕಿದಳು. ಅದು ಮತ್ತೆ ತಿರುಗಿತು. ಬಲಗೈಯ ನಾಲ್ಕು ಬೆರಳು ಹೋದವು.

ಅವಳ ಮಾತೆಲ್ಲ ಇದ್ದದ್ದೇ ಆ ಕೈಗಳಲ್ಲಿ.

ಕಚೇರಿಯಲ್ಲಿ ವಿಚಾರಣೆಯ ದಿನ ಗೋಡೆಯ ಮೇಲೆ ದಾಖಲೆ ತೋರಿಸಿದರು. 'ಒಪ್ಪಿಗೆ ನೀಡಿದವರು' ಅಂತಿದ್ದ ಕಡೆ ಅಕ್ಷರ ತಿದ್ದುವವಳ ಹೆಸರಿತ್ತು. ಆ ಹೊತ್ತಿಗೆ ನಾನು ಆಸ್ಪತ್ರೆಯಲ್ಲಿದ್ದೆ, ಒಪ್ಪಿಗೆ ಒತ್ತಿದ್ದು ನಾನಲ್ಲ ಅಂತ ಹೇಳಿದಳು. ಹಾಗಾದರೆ ಒತ್ತಿದವರು ಯಾರು ಅಂತ ಮ್ಯಾನೇಜರ್ ಕೇಳಿದ. ಅವಳು ಮೇಜಿನ ಆ ತುದಿಯಲ್ಲಿ ಕೂತಿದ್ದವನ ಕಡೆ ತಿರುಗಿದಳು.

ಅವನು ಮೇಜನ್ನೇ ನೋಡುತ್ತಿದ್ದ.

*ಹೇಳು. ಏನಾದ್ರೂ ಹೇಳು...*

ಅವನು ಹೇಳಲಿಲ್ಲ. ಅವಳ ಕೆಲಸ ಹೋಯಿತು. ತನ್ನನ್ನು ಉಳಿಸಿಕೊಳ್ಳಲು ಅವನೇ ಕೂತು ನನ್ನ ಹೆಸರು ಬರೆದ ಅನ್ನುವುದು ಅವಳ ಮನಸ್ಸಿನಲ್ಲಿ ಕಲ್ಲಿನ ಹಾಗೆ ಕೂತಿತು. ಅವನ ನಂಬರ್ ತೆಗೆದುಹಾಕಿದಳು. ಅಪ್ಪ ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಅಂಗಡಿಯೊಂದರಲ್ಲಿ ಜನರ ಅರ್ಜಿ ಬೆರಳಚ್ಚು ಮಾಡುವ ಕೆಲಸ ಹಿಡಿದಳು.

ಆ ಹುಡುಗಿಯ ಮನೆಗೂ ಹೋದಳು. ಮೊದಲ ಸಲ ತಾಯಿ ಬಾಗಿಲಲ್ಲೇ ತಡೆದು, ನೀನೇನಾ ಅವಳು ಅಂತ ಕೇಳಿ, ಉತ್ತರಕ್ಕೆ ಕಾಯದೆ ಬಾಗಿಲು ಹಾಕಿಕೊಂಡರು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಹುಡುಗಿಯೇ ಬಂದು ಬಾಗಿಲು ತೆರೆದಳು. ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಳು. ಅವಳು ಪಕ್ಕದಲ್ಲಿ ಕೂತಳು. ವಾರಕ್ಕೊಮ್ಮೆ ಹೋಗಿ ಕೂರತೊಡಗಿದಳು. ಕ್ಷಮೆಯ ಮಾತು ಯಾರೂ ಎತ್ತಲಿಲ್ಲ. ತಾಯಿ ಒಮ್ಮೆ ನೀರು ಕೊಟ್ಟರು, ಅಷ್ಟೇ.

ನಾಲ್ಕು ತಿಂಗಳಾದ ಮೇಲೆ ಕಾರ್ಮಿಕ ಇಲಾಖೆಯಿಂದ ವಿಚಾರಣೆಗೆ ಕರೆ ಬಂತು.

ಬೆಂಚು, ಫ್ಯಾನು, ಕಡತಗಳ ವಾಸನೆಯ ಹಳೆಯ ಕೋಣೆ. ಹುಡುಗಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಬಗ್ಗೆಯೇ ಮಾತಾಡಲು ಅಷ್ಟು ಜನ ಸೇರಿದ್ದರು, ಆದರೆ ಅವಳಿಗೆ ಅರ್ಥವಾಗುವಂತೆ ಹೇಳುವವರು ಒಬ್ಬರೂ ಇರಲಿಲ್ಲ. ಅವಳು ಅಧಿಕಾರಿಯನ್ನು ಕೇಳಿ ಹುಡುಗಿಯ ಪಕ್ಕದಲ್ಲಿ ಕೂತು, ಕಾಗದ ತೆಗೆದು, ಆಡಿದ್ದನ್ನೆಲ್ಲ ಬರೆದು ತೋರಿಸತೊಡಗಿದಳು.

ಆಮೇಲೆ ಅಧಿಕಾರಿ ಕರೆದದ್ದು ಅವನನ್ನು.

ಸೊರಗಿದ್ದ. ಗಡ್ಡ ಬಿಟ್ಟಿದ್ದ. ಅವನ ಮಾತನ್ನು ತಾನು ಬರೆಯುವುದು ಅವಳಿಗೆ ಬೇಡವಾಗಿತ್ತು. ಹುಡುಗಿ ಕಾಗದವನ್ನೇ ನೋಡುತ್ತಿದ್ದಳು, ಆದ್ದರಿಂದ ಬರೆಯಲೇಬೇಕಿತ್ತು.

"ಆ ಒಪ್ಪಿಗೆ ಅವರು ಕೊಟ್ಟಿದ್ದಲ್ಲ," ಅಂದ ಅವನು. ಅವಳು ಬರೆದಳು.

"ಯಾರೂ ನೋಡದಿದ್ರೂ ಒಪ್ಪಿಗೆ ಬೀಳೋ ಹಾಗೆ ಮಾಡಿದವನು ನಾನು. ವ್ಯವಸ್ಥೆ ಅವರ ಖಾತೆ ಮೇಲೆ ನಡೀತಿತ್ತು, ಅದಕ್ಕೆ ಅವರ ಹೆಸರು ಬಂತು. ಅವರಿಗೆ ಗೊತ್ತೇ ಇರಲಿಲ್ಲ." ಅದನ್ನೂ ಬರೆದಳು.

ಮ್ಯಾನೇಜರ್ ಹೇಳಿದ್ದನ್ನೂ ದಿನಾಂಕ ಸಮೇತ ಹೇಳಿದ. ಕಚೇರಿಯ ವಿಚಾರಣೆಯಾದ ಹತ್ತನೇ ದಿನ ದಾಖಲೆಗಳನ್ನೆಲ್ಲ ಇಲ್ಲಿಗೆ ತಂದು ಕೊಟ್ಟದ್ದು ತಾನೇ, ಅದಕ್ಕೇ ಕೆಲಸದಿಂದ ತೆಗೆದರು ಅಂದ. ಆ ಹತ್ತು ದಿನ ಯಾಕೆ ಸುಮ್ಮನಿದ್ದಿರಿ ಅಂತ ಅಧಿಕಾರಿ ಕೇಳಿದರು.

"ಹೆದರಿದ್ದೆ. ಅದಕ್ಕೆ ಮುಂಚೆನೂ ಹೆದರಿದ್ದೆ. ಅವರು ಆಸ್ಪತ್ರೆಯಿಂದ, ಏನೂ ಕಳಿಸಬೇಡ ಅಂತ ಕೇಳಿದ್ರು. ಅದಾಗಲೇ ಹೋಗಿತ್ತು. ಎಲ್ಲ ಸರಿಯಾಗಿದೆ ಅಂತ ಸುಳ್ಳು ಬರೆದೆ. ನಾನು ಪ್ರೀತಿಸ್ತಿದ್ದವರಿಗೆ... ಪ್ರೀತಿಸೋರಿಗೆ. ಆ ಎರಡು ದಿನದಲ್ಲಿ ನಿಜ ಹೇಳಿದ್ರೆ ಆ ಮಗು ಕೈ ಉಳೀತಿತ್ತು."

ಪೆನ್ನು ನಿಂತುಹೋಯಿತು.

ಹುಡುಗಿ ಎಡಗೈಯಿಂದ ಕಾಗದವನ್ನು ತಟ್ಟಿದಳು. ಮುಂದೆ? ಅವಳು ಹಲ್ಲು ಕಚ್ಚಿ ಬರೆದಳು, ಒಂದು ಮಾತನ್ನೂ ಬಿಡದೆ, 'ಪ್ರೀತಿಸೋರಿಗೆ' ಅನ್ನುವುದನ್ನೂ.

ಹುಡುಗಿ ಓದಿದಳು. ಅವನ ಮುಖ ನೋಡಿದಳು. ಪೆನ್ನು ತಗೊಂಡು, ವಕ್ರ ವಕ್ರ ಅಕ್ಷರಗಳಲ್ಲಿ, ತುಂಬ ಹೊತ್ತು ತಗೊಂಡು ಬರೆದಳು: 'ಅಳ್ತಿದಾನೆ. ಅದನ್ನ ನೀವು ಬರೀಲಿಲ್ಲ.'

ವಿಡಿಯೊ ಮಾಡಿದ ಕಂಪನಿಯದೇ ತಪ್ಪು ಅಂತ ಆಮೇಲೆ ತೀರ್ಮಾನವಾಯಿತು. ಹೋದ ಬೆರಳು ಬರಲಿಲ್ಲ. ಆವತ್ತು ಹೊರಡುವಾಗ ತಾಯಿ ಅವನ ಮುಂದೆ ಒಂದು ಗಳಿಗೆ ನಿಂತು, ಮಗಳನ್ನು ಕರೆದುಕೊಂಡು ಹೋದರು.

ಮೆಟ್ಟಿಲ ಮೇಲೆ ಮಧ್ಯಾಹ್ನದ ಬಿಸಿಲು. ಅವನು ಗೋಡೆಗೆ ಒರಗಿದ್ದ. ಅವಳು ಹೋಗಿ ಎರಡು ಮೆಟ್ಟಿಲು ಕೆಳಗೆ ನಿಂತಳು.

"ನೀನೇ ಕೂತು ನನ್ನ ಹೆಸರು ಬರೆದೆ ಅಂದ್ಕೊಂಡಿದ್ದೆ."

"ಬರೆಯೋದು ತಪ್ಪಿಸಲಿಲ್ಲ. ಎರಡೂ ಒಂದೇ."

"ಒಂದೇ ಅಲ್ಲ," ಅಂದಳು. "ಆದ್ರೆ ಕ್ಷಮಿಸು ಅಂತ ನನ್ನ ಕೇಳಬೇಡ. ಅದು ಆ ಹುಡುಗಿ ಹತ್ರ ಇರೋದು. ಕೊಡ್ತಾಳೋ ಇಲ್ವೋ."

"ಗೊತ್ತು."

ಅವನ ಅಂಗಿಯ ಕಾಲರ್ ಮಡಚಿಕೊಂಡಿತ್ತು. ಅವಳ ಕೈ ತಾನಾಗಿ ಮುಂದೆ ಹೋಗಿ ಅದನ್ನು ಸರಿಮಾಡಿತು. ಕೈ ಹಿಂದಕ್ಕೆ ಬರಲಿಲ್ಲ.

"ಊಟ ಮಾಡಿದ್ಯಾ?"

ಅವನು ಇಲ್ಲ ಅಂತ ತಲೆಯಾಡಿಸಿದ.

"ಅಪ್ಪ ಕಾಯ್ತಿರ್ತಾರೆ, ನಡಿ. ನನ್ನ ಕೋಪ ಇನ್ನೂ ಹೋಗಿಲ್ಲ, ತಿಳ್ಕೋ."

"ಹೂಂ."

"ಹೋಗೋವರೆಗೆ ಇರ್ತೀಯಾ?"

"ಹೋದ ಮೇಲೂ."